ನನ್ನ ನಂಬರಿಗೆ ಬಂದ ಸೀಟು

ನಾನು ವಿಮಾನದಲ್ಲಿ ಹೋದ ಪ್ರತಿ ಸಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ತಾರೀಖು, ಎಲ್ಲಿಂದ ಎಲ್ಲಿಗೆ, ಸೀಟಿನ ನಂಬರು, ಎಷ್ಟು ನಿಮಿಷ ತಡ, ಏನು ತಿಂದೆ. ಹಲ್ಲಿನ ಡಾಕ್ಟರು ರೋಗಿಯನ್ನು ಮಲಗಿಸುವ ಕುರ್ಚಿ ಇರುತ್ತದಲ್ಲ, ಅದನ್ನು ರಿಪೇರಿ ಮಾಡುವುದು ನನ್ನ ಕೆಲಸ. ಯಾವ ಊರಿನಲ್ಲಿ ಕುರ್ಚಿ ಕೆಟ್ಟು ನಿಲ್ಲುತ್ತದೋ ಆ ಊರಿಗೆ ಕಂಪನಿ ನನ್ನನ್ನು ಕಳಿಸುತ್ತದೆ. ಹೋದ ಫೆಬ್ರವರಿಯ ಎರಡನೇ ಗುರುವಾರದ ಹೊತ್ತಿಗೆ ಪುಸ್ತಕದಲ್ಲಿ ನಲವತ್ತೊಂದು ಸಾಲು ತುಂಬಿದ್ದವು. ಅದರಲ್ಲಿ ನಡುವಿನ ಸೀಟು ಇಪ್ಪತ್ತಾರು, ಓಡಾಡುವ ದಾರಿಯ ಪಕ್ಕದ್ದು ಹನ್ನೊಂದು, ಕಿಟಕಿ ನಾಲ್ಕು. ಪರದೆಯ ಆಚೆ ಮುಂದುಗಡೆ ಇರುವ ಅಗಲವಾದ ಸೀಟು ಸೊನ್ನೆ.

ನಲವತ್ತೆರಡನೆಯ ಪ್ರಯಾಣ ಆ ಪುಸ್ತಕದ ಗೆರೆಗಳೊಳಗೆ ಹಿಡಿಸಲಿಲ್ಲ. ಅದಕ್ಕೆ ಬೇರೆಯಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯವರ ಹೆಸರುಗಳ ವಿಷಯ ಹೇಳಬೇಕು. ಮಾರೇನಹಳ್ಳಿಯಲ್ಲಿ ನಮ್ಮದು ಒಂದೇ ಕಟ್ಟಡ. ಕೆಳಗೆ ದೊಡ್ಡಪ್ಪನ ಪ್ಲೈವುಡ್ ಮತ್ತು ಹಾರ್ಡ್‌ವೇರ್ ಅಂಗಡಿ, ಮೊದಲನೇ ಮಹಡಿಯಲ್ಲಿ ದೊಡ್ಡಪ್ಪನ ಮನೆ, ಎರಡನೆಯದರಲ್ಲಿ ನಾವು. ದೊಡ್ಡಪ್ಪನ ಮಗ ಹುಟ್ಟಿದ ಹನ್ನೊಂದು ದಿನಕ್ಕೆ ನಾನು ಹುಟ್ಟಿದೆ. ಅದಕ್ಕೂ ಒಂದು ವರ್ಷದ ಹಿಂದೆ ತಾತ ತೀರಿಕೊಂಡಿದ್ದರು. ಹಿರಿಯ ಮಗನ ಮಗನಿಗೆ ಮಾತ್ರ ತಾತನ ಹೆಸರಿಟ್ಟರೆ ಕಿರಿಯವನ ಮನಸ್ಸು ನೋಯುತ್ತದೆ ಎಂದು ಅಜ್ಜಿ ಲೆಕ್ಕ ಹಾಕಿ, ಇಬ್ಬರು ಕೂಸುಗಳಿಗೂ ಅದೇ ಹೆಸರಿಡಿಸಿದರು. ಹೆಸರಿನ ಜೊತೆಯ ಇನಿಷಿಯಲ್ಲುಗಳಲ್ಲಿ ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ಅಪ್ಪ, ದೊಡ್ಡಪ್ಪ ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಅಲ್ಲಿಯೂ ವ್ಯತ್ಯಾಸವಿಲ್ಲ. ಹೀಗೆ ಒಂದೇ ವಿಳಾಸದಲ್ಲಿ, ಒಂದೇ ತಿಂಗಳಲ್ಲಿ ಹುಟ್ಟಿದ, ಒಂದೇ ಹೆಸರಿನ ಇಬ್ಬರು ಗಂಡಸರು ನಾವು.

ಯಾರ ಮನಸ್ಸೂ ನೋಯಬಾರದೆಂದು ಮಾಡಿದ ಕೆಲಸ ಅದು. ಆದರೆ ಮನೆಯಲ್ಲಿ ಅವನು ದೊಡ್ಡೋನು, ನಾನು ಚಿಕ್ಕೋನು ಆದೆವು. ಶಾಲೆಯ ಹಾಜರಿಯಲ್ಲಿ ಹೆಸರಿನ ಮುಂದೆ ಅವನಿಗೆ ಒಂದು, ನನಗೆ ಎರಡು ಎಂದು ಬರೆದರು. ಹತ್ತು ವರ್ಷ ನಾನು 'ಎರಡು' ಎಂದು ಕರೆದಾಗ ಎದ್ದು ನಿಂತೆ. ಅವನು ಬೇಗ ಬೆಳೆದ. ಹನ್ನೊಂದು ದಿನದ ಅಣ್ಣನ ಅಂಗಿಗಳು ಆರು ತಿಂಗಳು ತಡವಾಗಿ ಮೇಲಿನ ಮಹಡಿಗೆ ಬರತೊಡಗಿದವು. ಆರನೇ ಕ್ಲಾಸಿನಲ್ಲಿ ನಾನೊಂದು ಹಾಳೆಯಲ್ಲಿ 'ಅವನಿಂದ ಬಂದದ್ದು' ಎಂದು ಬರೆದು ಅಡಿಯಲ್ಲಿ ಗೀಟು ಹಾಕುತ್ತಾ ಹೋದೆ. ಅಂಗಿ, ಸ್ವೆಟರ್, ಜಾಮೆಟ್ರಿ ಬಾಕ್ಸ್, ಸೈಕಲ್, ಪಿಯುಸಿಯಲ್ಲಿ ಫೋನು. ಗೀಟು ಮೂವತ್ತೇಳಕ್ಕೆ ಬಂದಾಗ ಹಾಳೆ ಹರಿದು ಹಾಕಿದೆ. ಎಣಿಸುವುದು ಮಾತ್ರ ನಿಲ್ಲಲಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಟ್ಟವನಲ್ಲ. ಅಂಗಡಿಗೆ ಬಂದ ಬಡಗಿಗಳಿಗೆ ಮೊದಲು ಟೀ ತರಿಸುತ್ತಾನೆ, ಆಮೇಲೆ ಏನು ಬೇಕು ಎಂದು ಕೇಳುತ್ತಾನೆ. ಬೀದಿಯ ಆಂಟಿಯರೆಲ್ಲ ಅವನ ಹೆಸರನ್ನು ನನ್ನ ಎದುರಿಗೆ ಹೊಗಳುತ್ತಾರೆ. ನನ್ನ ಹೆಸರೇ ಅದು, ಆದರೆ ಹೊಗಳಿಕೆ ನನಗಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತದೆ.

ವಿಮಾನ ಮಾತ್ರ ನನ್ನದಾಗಿತ್ತು. ಅವನು ಹತ್ತಿದ್ದು ಒಂದೇ ಸಲ, ಅದೂ ಯಾರದೋ ಮದುವೆಗೆ ಹೈದರಾಬಾದಿಗೆ.

ದೆಹಲಿಯಲ್ಲಿ ಬಾಗಿಲಿನ ಹ್ಯಾಂಡಲ್, ಬೀಗ, ಡ್ರಾಯರ್ ಚಾನೆಲ್ಲುಗಳ ದೊಡ್ಡ ಮೇಳ ಇದೆಯೆಂದೂ ಅಂಗಡಿಯ ಕಡೆಯಿಂದ ಅವನು ಹೋಗಬೇಕೆಂದೂ ಜನವರಿಯಲ್ಲಿ ತೀರ್ಮಾನವಾಯಿತು. ದೊಡ್ಡಪ್ಪ ನನ್ನನ್ನು ಕೆಳಗೆ ಕರೆದರು.

"ಅವನಿಗೆ ಹಿಂದಿ ಬರಲ್ಲ. ಏರ್‌ಪೋರ್ಟಲ್ಲಿ ಎಲ್ಲಿ ಹೋಗ್ಬೇಕು ಅಂತಾನೂ ಗೊತ್ತಾಗಲ್ಲ. ನೀನು ಜೊತೇಲಿ ಹೋಗ್ಬಿಟ್ಟು ಬಾರಪ್ಪ. ನಿಂಗದೆಲ್ಲ ಅಭ್ಯಾಸ."

ಆ ಮಾತಿಗೆ ನಾನು ಎಷ್ಟು ಹಿಗ್ಗಿದೆನೆಂದು ಬರೆದರೆ ನಾಚಿಕೆಯಾಗುತ್ತದೆ. ಮೂರು ದಿನ ರಜೆ ಹಾಕಿದೆ. ವಿಜಯನಗರದಲ್ಲಿ ದೊಡ್ಡಪ್ಪನಿಗೆ ಪರಿಚಯದ ಟ್ರಾವೆಲ್ಸ್ ಒಂದಿದೆ. ಅಲ್ಲಿಗೆ ಹೋಗಿ ನನ್ನ ಸದಸ್ಯ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಒಂದೇ ವಿಮಾನ ಕಂಪನಿಯಲ್ಲಿ ಮತ್ತೆ ಮತ್ತೆ ಹೋಗುವವರಿಗೆ ಅಂಥದೊಂದು ನಂಬರು ಕೊಡುತ್ತಾರೆ. ಹಿಂದುಗಡೆ ಸೀಟಿಗಿಂತ ಜನ ಹೆಚ್ಚಾದ ದಿನ ಅಂಥವರಲ್ಲಿ ಒಬ್ಬಿಬ್ಬರನ್ನು ಪುಕ್ಕಟೆಯಾಗಿ ಬಿಸಿನೆಸ್ ಕ್ಲಾಸಿಗೆ ಕಳಿಸುವುದುಂಟು. ನನಗೆ ಅದು ಒಮ್ಮೆಯೂ ಆಗಿರಲಿಲ್ಲ. ಆಗಬಹುದೆಂದು ನಲವತ್ತೊಂದು ಸಲವೂ ಕಾದಿದ್ದೆ.

ಟ್ರಾವೆಲ್ಸ್‌ನವನು ಕಂಪ್ಯೂಟರ್ ನೋಡಿ, "ಒಂದೇ ಹೆಸರು ಎರಡು ಸಲ ಹೊಡೆದ್ರೆ ತಗೊಳ್ತಾ ಇಲ್ಲ ಸಾರ್. ಬೇರೆ ಬೇರೆ ಟಿಕೆಟ್ ಮಾಡ್ತೀನಿ" ಎಂದ. ನಮ್ಮ ಮನೆಯವರು ಇಂಥ ಮಾತು ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಎಲ್ಲ ಕಡೆ ಕೇಳಿದವರು. ಸರಿ ಎಂದು ಬಂದೆ. ನಂಬರನ್ನು ಯಾವ ಟಿಕೆಟ್ಟಿಗೆ ಹಾಕಿದ ಎಂದು ನೋಡಲಿಲ್ಲ. ಎಲ್ಲವನ್ನೂ ಎರಡು ಸಲ ನೋಡುವ ನಾನು ಅದೊಂದನ್ನು ನೋಡಲಿಲ್ಲ.

ಗುರುವಾರ ಬೆಳಗ್ಗೆ ಏರ್‌ಪೋರ್ಟ್ ಬಸ್ಸಿನಲ್ಲಿ ನಾನು ಅವನಿಗೆ ಪಾಠ ಮಾಡುತ್ತಾ ಹೋದೆ. ಬೆಲ್ಟು ಎಲ್ಲಿ ಬಿಚ್ಚಬೇಕು, ಪವರ್ ಬ್ಯಾಂಕ್ ಯಾವ ಬ್ಯಾಗಿನಲ್ಲಿರಬೇಕು, ಕಿವಿ ಕಟ್ಟಿಕೊಂಡರೆ ಏನು ಮಾಡಬೇಕು. ಅವನು "ನೀನು ಹೇಳ್ದಂಗೆ ಗುರು" ಎನ್ನುತ್ತಾ ಎಲ್ಲದಕ್ಕೂ ತಲೆಯಾಡಿಸಿದ. ತೊಡೆಯ ಮೇಲೆ ದೊಡ್ಡಮ್ಮ ಕಟ್ಟಿಕೊಟ್ಟ ನಿಪ್ಪಟ್ಟಿನ ಚೀಲ ಇತ್ತು. ಬಸ್ಸು ಹೆಬ್ಬಾಳ ದಾಟುವವರೆಗಿನ ಆ ಒಂದು ಗಂಟೆ, ನನಗೆ ನೆನಪಿರುವ ಮಟ್ಟಿಗೆ, ನಾನು ಅವನಿಗಿಂತ ದೊಡ್ಡವನಾಗಿದ್ದ ಒಂದೇ ಗಂಟೆ.

ವಿಮಾನ ಹತ್ತುವ ಗೇಟಿನಲ್ಲಿ ಅವನು ಮುಂದೆ, ನಾನು ಹಿಂದೆ ನಿಂತಿದ್ದೆವು. ಅವನ ಬೋರ್ಡಿಂಗ್ ಪಾಸ್ ಇಟ್ಟಾಗ ಮೆಷಿನ್ನಿನಲ್ಲಿ ಕೆಂಪು ದೀಪ ಹೊತ್ತಿತು. ಅಲ್ಲಿದ್ದ ಹುಡುಗಿ ಅದನ್ನು ಹರಿದು ಹೊಸದೊಂದನ್ನು ಕೊಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕಳು.

"ಏನಂತೆ? ಸೀಟಿಲ್ವಂತಾ?" ಎಂದು ಅವನು ನನ್ನ ಕಡೆ ತಿರುಗಿದ.

"ಮುಂದ್ಗಡೆ ಕೊಟ್ಟಿದಾರೆ."

"ಮುಂದೆ ಅಂದ್ರೆ? ಡ್ರೈವರ್ ಪಕ್ಕನಾ?"

ನಾನು ಪಾಸನ್ನು ಅವನ ಕೈಯಿಂದ ತೆಗೆದುಕೊಂಡೆ. ಎರಡನೇ ಸಾಲು, ಕಿಟಕಿ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸದಸ್ಯ ನಂಬರು. ಅದು ನನ್ನದು. ನನ್ನ ಫೋನ್ ನಂಬರಿನ ಹಾಗೆ ಬಾಯಿಪಾಠವಾಗಿದ್ದ ನಂಬರು, ಅವನ ಪಾಸಿನ ಮೇಲೆ.

ಆಗಲೇ ಹೇಳಬಹುದಿತ್ತು. ಹಿಂದೆ ಜನ ಇದ್ದರು ಎನ್ನುವುದು ನೆಪ. ನಿಜವೇನೆಂದರೆ, ನನ್ನ ಪಾಸಿಗೂ ಕೆಂಪು ದೀಪ ಹೊತ್ತೀತು ಎಂದು ಆಸೆಯಿತ್ತು. ನನ್ನದಕ್ಕೆ ಹಸಿರು ಹೊತ್ತಿತು. ಇಪ್ಪತ್ಮೂರನೇ ಸಾಲು, ನಡುವಿನ ಸೀಟು. ಇಪ್ಪತ್ತೇಳನೆಯ ನಡುವಿನ ಸೀಟು.

ನಾನು ಒಳಗೆ ಹೋಗುವ ಹೊತ್ತಿಗೆ ಅವನು ಕೂತಾಗಿತ್ತು. ಕೈಯಲ್ಲಿ ಗಾಜಿನ ಲೋಟ, ಅದರೊಳಗೆ ಜ್ಯೂಸು, ಮೇಲೊಂದು ಪುದೀನ ಎಲೆ. ಗಾಜಿನ ಲೋಟವನ್ನು ನಾನು ಅಲ್ಲಿಯವರೆಗೆ ಪರದೆಯ ಸಂದಿಯಿಂದ ಮಾತ್ರ ನೋಡಿದ್ದೆ.

"ಮಗಾ, ನೋಡಿಲ್ಲಿ. ಪೂರ್ತಿ ಕಾಲು ಚಾಚಿದ್ರೂ ಮುಂದಿನ ಸೀಟು ಮುಟ್ಟಲ್ಲ" ಎಂದು ಕಾಲು ಚಾಚಿ ತೋರಿಸಿದ.

"ಚೆನ್ನಾಗಿದೆ" ಎಂದೆ. ಹಿಂದಿದ್ದವರು ಬ್ಯಾಗಿನಿಂದ ಒತ್ತಿದರು. ನಡೆದೆ.

ಇಪ್ಪತ್ಮೂರನೇ ಸಾಲಿನಲ್ಲಿ ಒಂದು ಕಡೆ ನಿದ್ದೆಗೆ ಸಿದ್ಧವಾಗಿ ಕತ್ತಿಗೆ ದಿಂಬು ಸುತ್ತಿಕೊಂಡ ಮನುಷ್ಯ, ಇನ್ನೊಂದು ಕಡೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು. ನಾನು ಮೊಣಕೈಗಳನ್ನು ಹೊಟ್ಟೆಗೆ ಅಂಟಿಸಿಕೊಂಡು ಕೂತೆ. ನನ್ನ ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಕೆಟ್ಟ ಕುರ್ಚಿಗಳ ಅಡಿಯಲ್ಲಿ ಮಲಗಿ ಎಣ್ಣೆ ಮುಖಕ್ಕೆ ಬೀಳಿಸಿಕೊಂಡು ಸಂಪಾದಿಸಿದ ನಲವತ್ತೊಂದು ಹಾರಾಟ. ಅವುಗಳಿಗೆಲ್ಲ ಸೇರಿ ಸಿಕ್ಕ ಒಂದು ಬಹುಮಾನ. ಅದರ ಮೇಲೆ ಅವನು ಕಾಲು ಚಾಚಿ ಕೂತಿದ್ದಾನೆ, ಕೂತಿರುವುದು ಯಾರ ಸೀಟಿನಲ್ಲಿ ಎಂದೂ ಅವನಿಗೆ ಗೊತ್ತಿಲ್ಲ. ಮನೆಗೆ ಹೋದ ಮೇಲೆ ದೊಡ್ಡೋನು ಬಿಸಿನೆಸ್ ಕ್ಲಾಸಲ್ಲಿ ಹೋದ ಕತೆ ಒಂದು ವರ್ಷ ನಡೆಯುತ್ತದೆ. ಚಿಕ್ಕೋನೂ ಜೊತೆಗಿದ್ದ ಎಂದು ಕೊನೆಯಲ್ಲಿ ಯಾರಾದರೂ ಸೇರಿಸಿದರೆ ಸೇರಿಸಿದರು. ನನ್ನದೆಂದು ಇದ್ದದ್ದು ಇದೊಂದು. ಇದೂ ಹೋದರೆ ಆ ಮನೆಯಲ್ಲಿ ನಾನು ಬರೀ ಎರಡು.

ಜನ ಹತ್ತುವುದು ಮುಗಿಯಿತು, ಬಾಗಿಲು ಇನ್ನೂ ಹಾಕಿರಲಿಲ್ಲ. ಎದ್ದು ಮುಂದಕ್ಕೆ ಹೋದೆ.

ಪರದೆಯ ಹತ್ತಿರ ನಿಂತಿದ್ದ ಗಗನಸಖಿ ಕನ್ನಡದವಳೇ. ನಾನು ಎರಡು ಪಾಸು, ಎರಡು ಆಧಾರ್ ಕಾರ್ಡುಗಳ ಕತೆ ಹೇಳಿದೆ. ಅವಳು ಕೈಯಲ್ಲಿದ್ದ ಟ್ಯಾಬ್ ನೋಡಿದಳು, ನನ್ನನ್ನು ನೋಡಿದಳು.

"ಇಬ್ರದ್ದೂ ಒಂದೇ ಹೆಸರಾ ಸರ್?"

"ಹೌದು."

"ಇನಿಷಿಯಲ್ಲೂ?"

"ಅದೂ ಒಂದೇ. ನಂಬರ್ ಮಾತ್ರ ನಂದು."

"ನನಗೆ ಇಲ್ಲಿ ಅವರ ಸೀಟಿಗೇ ತೋರಿಸ್ತಿದೆ. ನೀವು ನೀವೇ ಮಾತಾಡ್ಕೊಂಡು ಬದಲಾಯಿಸ್ಕೊಂಡ್ರೆ ನಾನು ಗೇಟಿನವರಿಗೆ ಹೇಳಿ ಸರಿ ಮಾಡಿಸ್ತೀನಿ. ಬೇಗ ಹೇಳಿ, ಬಾಗಿಲು ಹಾಕ್ತಾರೆ."

ನಾನು ಎರಡನೇ ಸಾಲಿನ ಹತ್ತಿರ ಹೋಗಿ ನಿಂತೆ. ಹೇಳಬೇಕಾದ್ದನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ: ಮೊದಲು ಚೀಟಿ, ಆಮೇಲೆ ಟ್ರಾವೆಲ್ಸ್‌ನವನ ತಪ್ಪು, ಆಮೇಲೆ ನಂಬರು. ಅವನು ಬೇಡ ಎಂದರೆ ಹೇಳಬೇಕಾದ್ದೂ ಸಿದ್ಧವಿತ್ತು.

"ಲೋ, ಈ ಸೀಟು ನನ್ನ ನಂಬರಿಗೆ ಬಂದಿರೋದು" ಎಂದೆ. ಅಷ್ಟೇ ಹೇಳಿದ್ದು.

"ನಿಂದಾ? ಮೊದ್ಲೇ ಹೇಳೋದಲ್ವೇನೋ. ಸುಮ್ನೆ ಅರ್ಧ ಜ್ಯೂಸ್ ಕುಡಿದ್ಬಿಟ್ಟೆ." ಅವನು ಆಗಲೇ ಬೆಲ್ಟು ಬಿಚ್ಚುತ್ತಿದ್ದ. ಮುಖ ಒರೆಸಿಕೊಳ್ಳಲು ಕೊಟ್ಟಿದ್ದ ಬಿಸಿ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ, ಎದ್ದ, ನನ್ನ ಭುಜ ತಟ್ಟಿದ. "ಕೂತ್ಕೋ, ಆರಾಮಾಗಿ ಕೂತ್ಕೋ. ನಿಂದ್ಯಾವ ಸೀಟು? ಇಪ್ಪತ್ಮೂರಾ?" ಹಿಂದಕ್ಕೆ ನಡೆದುಬಿಟ್ಟ.

ಹತ್ತು ಸೆಕೆಂಡೂ ಆಗಿರಲಿಲ್ಲ. ಅವನು ವಾದ ಮಾಡಬೇಕಿತ್ತು. ಕನಿಷ್ಠ ಮುಖ ಸ್ವಲ್ಪ ಬಾಡಬೇಕಿತ್ತು. ಅದಕ್ಕಾಗಿ ನಾನು ಬಾಗಿ ಹುಡುಕಿದೆ, ಕಾಣಲಿಲ್ಲ. ಬಿಟ್ಟುಕೊಡುವುದು ಅವನಿಗೆ ಯಾವಾಗಲೂ ಹೀಗೇ ಸಲೀಸು, ಏಕೆಂದರೆ ಅವನಿಗೆ ಇನ್ನೊಂದು ಸಿಗುತ್ತಿತ್ತು. ನಾನು ಕೂತೆ. ಸೀಟು ಅವನ ಮೈಯಿಂದ ಇನ್ನೂ ಬೆಚ್ಚಗಿತ್ತು. ಬೆಚ್ಚಗಿನ ಸೀಟಿನಲ್ಲಿ ಕೂತಾಗ ನನಗೆ ಅರ್ಥವಾಯಿತು, ನನ್ನ ನಂಬರಿಗೆ ಬಂದದ್ದು ಕೂಡ ಅವನ ಮೈಮೇಲಿಂದಲೇ ನನಗೆ ಬಂತು.

ಪಕ್ಕದಲ್ಲಿ ಬೆಳ್ಳಿ ಕೂದಲಿನ ಹಿರಿಯರೊಬ್ಬರಿದ್ದರು. ಆಮೇಲೆ ತಿಳಿಯಿತು, ಅವರದು ರಾಜಾಜಿನಗರ.

"ನಿಮ್ಮಣ್ಣನಾ?" ಎಂದು ಕೇಳಿದರು.

"ದೊಡ್ಡಪ್ಪನ ಮಗ."

"ಎಂಥ ಮನಸ್ಸಪ್ಪ. ಈ ಕಾಲದಲ್ಲಿ ಬಸ್ಸಲ್ಲೇ ಸೀಟು ಬಿಡಲ್ಲ ಜನ."

"ಇಲ್ಲ ಸಾರ್, ಇದು ನನ್ನ ಸೀಟೇ. ತಪ್ಪಿ ಅವನಿಗೆ ಹೋಗಿತ್ತು." ನಾನು ನಂಬರಿನ ವಿಷಯ ಶುರುಮಾಡಿದೆ. ಟ್ರಾವೆಲ್ಸ್‌ನವನವರೆಗೆ ಬರುವಷ್ಟರಲ್ಲಿ ಅವರು "ಹೌದೌದು" ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು.

ದೆಹಲಿಗೆ ಎರಡು ಮುಕ್ಕಾಲು ಗಂಟೆ. ನಾನು ಯಾವುದನ್ನೂ ಬಿಡಬಾರದೆಂದು ಎಲ್ಲವನ್ನೂ ಮಾಡಿದೆ. ಸೀಟನ್ನು ಹಿಂದಕ್ಕೆ ಒರಗಿಸಿದೆ, ಕಾಲಿಡುವ ಹಲಗೆ ಎತ್ತಿದೆ, ಇಳಿಸಿದೆ. ಕುರ್ಚಿಯ ಮೋಟಾರಿನ ಸದ್ದು ಕೇಳಿ ಬೇರಿಂಗ್ ಸವೆದಿದೆ ಎಂದು ಗುರುತಿಸಿದೆ. ಟ್ರೇ ಮೇಲೆ ಬಿಳಿ ಬಟ್ಟೆ ಹಾಸಿದರು. ಪಿಂಗಾಣಿ ತಟ್ಟೆ, ಸ್ಟೀಲಿನ ಚಮಚ, ಉಪ್ಪಿಗೂ ಮೆಣಸಿಗೂ ಬೇರೆ ಬೇರೆ ಪುಟ್ಟ ಡಬ್ಬಿ. ಅನ್ನದ ಜೊತೆ ಎರಡು ಪಲ್ಯ, ಪನೀರು, ಒಂದು ಸಿಹಿ. ಎಲ್ಲವನ್ನೂ ತಿಂದೆ. ಯಾವುದರ ರುಚಿಯೂ ನೆನಪಿಲ್ಲ. ಇಪ್ಪತ್ಮೂರನೇ ಸಾಲಿನಲ್ಲಿ ಅವನು ಮೊಣಕೈ ಅಂಟಿಸಿಕೊಂಡು ಕೂತಿರಬೇಕು, ಮಗು ಅಳುತ್ತಿರಬೇಕು, ಕಾಲು ಜೋಮು ಹಿಡಿದಿರಬೇಕು ಎಂದು ಊಹಿಸುತ್ತಾ ತಿಂದೆ. ಊಹೆಯೇ ಪಲ್ಯಕ್ಕಿಂತ ರುಚಿಯಾಗಿತ್ತು.

ಊಟದ ತಟ್ಟೆ ತೆಗೆದ ಮೇಲೆ ಗಗನಸಖಿ ಬಂದು, "ನಿಮ್ಮಣ್ಣ ಮೇಲಿರೋ ಬಟ್ಟೆ ಚೀಲ ಕೇಳ್ತಿದಾರೆ ಸರ್" ಎಂದಳು. ನಿಪ್ಪಟ್ಟಿನ ಚೀಲ ಅಲ್ಲೇ ಉಳಿದಿತ್ತು. ಅವಳು ತೆಗೆದುಕೊಂಡು ಹೋದಳು. ಐದು ನಿಮಿಷ ಬಿಟ್ಟು ಕಾಗದದ ಕರವಸ್ತ್ರದಲ್ಲಿ ನಾಲ್ಕು ನಿಪ್ಪಟ್ಟು ತಂದು ನನ್ನ ಮುಂದಿಟ್ಟಳು. ಅವಳ ಬಾಯಲ್ಲೂ ನಿಪ್ಪಟ್ಟಿತ್ತು.

"ನಿಮಗೂ ಪಕ್ಕದವರಿಗೂ ಅಂತ ಕೊಟ್ರು. ಅಲ್ಲಿ ಎಲ್ರಿಗೂ ಹಂಚ್ತಿದಾರೆ."

ನಾನು ಬಾತ್‌ರೂಮಿಗೆ ಹೋಗುವವನ ಹಾಗೆ ಎದ್ದು ಪರದೆ ಸರಿಸಿ ಅರ್ಧ ದಾರಿ ಹೋಗಿ ನೋಡಿದೆ. ಮಗು ಅವನ ತೊಡೆಯ ಮೇಲೆ ನಿಂತು ಅವನ ಕಿವಿ ಹಿಡಿದಿತ್ತು. ದಿಂಬು ಸುತ್ತಿಕೊಂಡಿದ್ದ ಮನುಷ್ಯ ಈಗ ಎಚ್ಚರವಾಗಿ, ನಿಪ್ಪಟ್ಟು ಕೈಯಲ್ಲಿ ಹಿಡಿದು, ಏನೋ ಹೇಳುತ್ತಾ ನಗುತ್ತಿದ್ದ. ಹಿಂದಿನ ಸಾಲಿನ ಇಬ್ಬರು ಅವರ ಸೀಟಿನ ಮೇಲಿಂದ ಬಾಗಿದ್ದರು. ಹಿಂದಿ ಬರದ ನನ್ನ ಅಣ್ಣ ಅವರೆಲ್ಲರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದನೋ ಗೊತ್ತಿಲ್ಲ. ನಾನು ಅದೇ ಸೀಟಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆ. ಒಬ್ಬರೂ ನನ್ನ ಮುಖ ನೋಡಿರಲಿಲ್ಲ. ಇಪ್ಪತ್ತಾರು ನಡುವಿನ ಸೀಟುಗಳಲ್ಲಿ ಯಾರೂ ನೋಡಿರಲಿಲ್ಲ.

ಬಂದು ಕೂತೆ. ರಾಜಾಜಿನಗರದ ಹಿರಿಯರು ಎರಡು ನಿಪ್ಪಟ್ಟು ಮುಗಿಸಿ ಮೂರನೆಯದರ ಕಡೆ ನೋಡುತ್ತಿದ್ದರು. ನನಗೆ ಬೇಡ ಎಂದು ಕಾಗದವನ್ನೇ ಅವರ ಕಡೆ ಸರಿಸಿದೆ. ಅಗಲವಾದ ಸೀಟಿನಲ್ಲಿ ಕೂತು, ಸಿಕ್ಕಬೇಕಾದ್ದೆಲ್ಲ ಸಿಕ್ಕಿದ ಮೇಲೂ, ಇಪ್ಪತ್ತೊಂದು ಸಾಲು ಹಿಂದಿನ ಇಕ್ಕಟ್ಟಿನ ಸೀಟಿನ ಮೇಲೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇಂಥದ್ದು ಆಗಬಹುದೆಂದು ನಾನು ಅಂದುಕೊಂಡಿರಲಿಲ್ಲ.

ದೆಹಲಿಯಲ್ಲಿ ಮುಂದಿನವರು ಮೊದಲು ಇಳಿಯುತ್ತಾರೆ. ಸಾಮಾನು ಬರುವ ಬೆಲ್ಟಿನ ಹತ್ತಿರ ಅವನಿಗೆ ಹದಿನಾಲ್ಕು ನಿಮಿಷ ಕಾದೆ. ಮಗುವಿನ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡು ಬಂದ, ಆ ತಾಯಿ ಮಗುವನ್ನು ಕಳಿಸಿಕೊಟ್ಟು ನನ್ನ ಪಕ್ಕ ನಿಂತ. ಅಷ್ಟರಲ್ಲಿ ಅವನ ಫೋನಿಗೆ ದೊಡ್ಡಮ್ಮನ ಕರೆ ಬಂತು. ಸ್ಪೀಕರಿಗೆ ಹಾಕಿದ.

"ಸೇರಿದ್ವಿ ಕಣಮ್ಮ. ಏನಾಯ್ತು ಗೊತ್ತಾ, ನಂಗೆ ಮುಂದ್ಗಡೆ ದೊಡ್ಡ ಸೀಟು ಕೊಟ್ಬಿಟ್ರು. ಬಿಸಿನೆಸ್ ಕ್ಲಾಸು. ನೋಡಿದ್ರೆ ಅದು ಇವನದಂತೆ. ಇವನ ನಂಬರಿಗೆ ಬಂದಿದ್ದು. ಎದ್ದು ಹಿಂದಕ್ಕೆ ಹೋದೆ. ಇವನು ಕೂತ್ಕೊಂಡ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನೇ ಬರೆದುಕೊಟ್ಟಿದ್ದರೂ ಅದಕ್ಕಿಂತ ಸರಿಯಾಗಿ ಹೇಳಲಾಗುತ್ತಿರಲಿಲ್ಲ.

"ನೀನು ಬಿಟ್ಕೊಟ್ಟೆ ಅನ್ನು" ಎಂದರು ದೊಡ್ಡಮ್ಮ. "ನಿನ್ನ ಬುದ್ಧಿ ನಂಗೊತ್ತಿಲ್ವಾ. ಚಿಕ್ಕೋರಿದ್ದಾಗಿಂದ ಹಂಗೇ."

"ಬಿಟ್ಕೊಡೋದೇನು ಬಂತಮ್ಮ, ಅವನದೇ ಅಂತಿದೀನಿ."

"ಆಯ್ತು ಬಿಡು, ಒಳ್ಳೇದಾಯ್ತು."

ನಾನು ಕೈ ಚಾಚಿ ಫೋನು ತೆಗೆದುಕೊಂಡೆ. "ದೊಡ್ಡಮ್ಮ, ನಾನು. ಅಣ್ಣ ಹೇಳಿದ್ದು ನಿಜ. ನಾನು ನಲವತ್ತೊಂದು ಸಲ ವಿಮಾನದಲ್ಲಿ ಹೋಗಿದೀನಲ್ಲ, ಅದಕ್ಕೆ ಕೊಟ್ಟಿದ್ದು. ಟ್ರಾವೆಲ್ಸ್‌ನವನು ನನ್ನ ನಂಬರನ್ನ ಅವನ ಟಿಕೆಟ್ಟಿಗೆ ಹಾಕ್ಬಿಟ್ಟಿದ್ದ. ಸೀಟು ನಂದೇ."

"ಹೂಂ ಕಣಪ್ಪ" ಎಂದರು ದೊಡ್ಡಮ್ಮ, ತುಂಬಾ ಪ್ರೀತಿಯಿಂದ. "ಅಣ್ಣ ಕೊಟ್ಟಮೇಲೆ ಇನ್ನೇನು, ನಿಂದೇ. ಊಟಕ್ಕೆ ಏನು ಕೊಟ್ರು?"

ಪನೀರು ಎಂದೆ. ಫೋನು ವಾಪಸು ಕೊಟ್ಟೆ. ಮಾರೇನಹಳ್ಳಿಯ ಮೊದಲನೇ ಮಹಡಿಯಲ್ಲಿ ಆ ಸೀಟಿನ ಕತೆ ಅಷ್ಟು ಹೊತ್ತಿಗೆ ತೀರ್ಮಾನವಾಗಿತ್ತು. ಸಂಜೆಯೊಳಗೆ ಎರಡನೇ ಮಹಡಿಗೆ, ನಾಳೆ ಅಂಗಡಿಯ ಬಡಗಿಗಳಿಗೆ ತಲುಪುತ್ತದೆ. ನಾನು ಎಷ್ಟು ಸಲ ತಿದ್ದಿದರೂ ಪ್ರತಿ ಸಲ ಅವನು ಇನ್ನಷ್ಟು ಒಳ್ಳೆಯವನಾಗುತ್ತಾನೆ.

ಅವನಿಗೂ ಅದು ಗೊತ್ತಾಗಿತ್ತು ಎಂದು ಕಾಣುತ್ತದೆ. ಬೆಲ್ಟಿನ ಮೇಲೆ ಸುತ್ತುತ್ತಿದ್ದ ಸೂಟ್‌ಕೇಸುಗಳನ್ನು ನೋಡುತ್ತಾ ನಿಂತ.

"ಅಮ್ಮ ಹಂಗೇ ಕಣೋ. ತಲೆ ಕೆಡಿಸ್ಕೋಬೇಡ" ಎಂದ. ಆಮೇಲೆ ಮೊಣಕೈಯಿಂದ ತಿವಿದು, "ಒಂದು ಕೆಲ್ಸ ಮಾಡು. ಬರೋವಾಗ ನಿನ್ನ ನಂಬರಿಗೆ ಮತ್ತೆ ಸಿಕ್ರೆ ನಂಗೆ ಬಿಟ್ಕೊಡು. ನೀನೇ ಕೊಟ್ಟೆ ಅಂತ ಊರಿಗೆಲ್ಲ ಹೇಳ್ತೀನಿ. ಸಮ ಆಗುತ್ತೆ."

ಇಪ್ಪತ್ತೇಳು ವರ್ಷದಲ್ಲಿ ಅವನು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ನನ್ನ ಹತ್ತಿರ ಇದ್ದು ಅವನ ಹತ್ತಿರ ಇಲ್ಲದ ವಸ್ತು ಒಂದಿದೆ ಎಂದು ಅವನ ಬಾಯಿಂದಲೇ ಬಂತು. ಅದನ್ನು ನಾನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ.

"ಕೊಡ್ತೀಯೇನೋ?" ಎಂದು ಮತ್ತೆ ಕೇಳಿದ.

"ಇಲ್ಲ" ಎಂದೆ.

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಒಳ್ಳೆಯ ತಮಾಷೆ ಎಂದುಕೊಂಡಿದ್ದ. ನಾನು ತಿದ್ದಲು ಹೋಗಲಿಲ್ಲ.